ಘಾಟು ಎಂದುಕೊಂಡ ಕೆಮ್ಮು

ನಮ್ಮ ಬ್ಯಾಡಗಿಯಲ್ಲಿ ಮಾರುಕಟ್ಟೆಯ ಹಂಗಾಮು ಶುರುವಾದರೆ ಕಿಟಕಿ ಹಾಕಿಕೊಂಡರೂ ಘಾಟು ಒಳಗೆ ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು. ಇಲ್ಲಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನೀವು ಕೇಳಿರಬಹುದು. ಹಾಗೆನ್ನುವವರು ಸಾರು ಉಂಡವರು, ಧೂಳು ಕುಡಿದವರಲ್ಲ. ಗುತ್ತಲದಿಂದ ಸೊಸೆಯಾಗಿ ಬಂದ ದಿನ ನಾನು ಹೊಸ್ತಿಲ ಮುಂದೆ ಎಷ್ಟು ಕೆಮ್ಮಿದೆನೆಂದರೆ, ಹುಡುಗಿಗೆ ಏನೋ ರೋಗವಿದೆಯೆಂದು ಆರತಿ ಹಿಡಿದವರು ಪಿಸುಗುಟ್ಟಿದರಂತೆ. ಅವರ ಹಿಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನನ್ನ ನಾದಿನಿ ರೇಣುಕಾ. ಹೊರಗಿನವರು ಕೆಮ್ಮಿದರೆ ನಗುವುದು ಈ ಊರಿನ ರೂಢಿ. ನಾನೂ ಬೇಗ ಕಲಿತೆ.

ಅವಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಕೊರೊನಾದ ಎರಡನೇ ಅಲೆಯ ಬೇಸಿಗೆಯಲ್ಲಿ ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎಲ್ಲ ಬಂದ್ ಆಗುವುದರೊಳಗೆ ಸೀಮಂತದ ಕುಬಸ ಮಾಡಿ ಮುಗಿಸಬೇಕೆಂದು ನನ್ನ ಅತ್ತೆಯವರಿಗೆ ಗಡಿಬಿಡಿ. ಮನೆಮಂದಿ ಮಾತ್ರ ಎನ್ನುತ್ತ ಓಣಿಯೆಲ್ಲ ಸೇರಿತು. ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆಯಿಟ್ಟು ಕೂತವಳಿಗೆ ಎಲ್ಲರೂ ಬಾಗಿ ಬಾಗಿ ಉಡಿ ತುಂಬಿದರು.

ಕೆಲವು ದಿನಕ್ಕೆ ಅವಳಿಗೆ ಕೆಮ್ಮು ಹತ್ತಿತು. ನಾವು ನಕ್ಕೆವು. ಗಂಡನ ಊರಿಗೆ ಹೋಗಿ ತವರಿನ ಗಾಳಿಯನ್ನೇ ಮರೆತಳೆಂದು ಅವಳ ಅಣ್ಣ, ಅಂದರೆ ನನ್ನ ಗಂಡ, ಕಾಡಿಸಿದರು.

"ಘಾಟು ಅದು. ಎರಡು ದಿನಕ್ಕ ಹೊಂದತೈತಿ," ಎಂದರು ಅತ್ತೆ.

ಊಟ ರುಚಿಸಲಿಲ್ಲ, ಬಸುರಿಗೆ ಯಾವ ಊಟ ರುಚಿಸುತ್ತದೆ? ಮೈ ಬಿಸಿಯಿತ್ತು, ಬಿಸಿಲೂ ಹಾಗೇ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಹೊಟ್ಟೆ ಭಾರವಲ್ಲವೇ? ಅವಳ ಪ್ರತಿ ಸಂಕಟಕ್ಕೂ ನಮ್ಮ ಮನೆಯಲ್ಲಿ ಉತ್ತರ ಸಿದ್ಧವಿತ್ತು. ಎಲ್ಲ ಪ್ರೀತಿಯಿಂದಲೇ ಹೇಳಿದ್ದು, ಎಲ್ಲವೂ ತಪ್ಪು.

ತುಟಿ ಕಪ್ಪಿಟ್ಟ ಬೆಳಿಗ್ಗೆ ಹಾವೇರಿಗೆ ಕರೆದೊಯ್ದೆವು. ಕೊರೊನಾದಿಂದ ಎದೆಯ ಎರಡೂ ಕಡೆ ನ್ಯುಮೋನಿಯಾ ಆಗಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿ ಕೂಸನ್ನು ತೆಗೆದರೆ ಈ ಸ್ಥಿತಿಯಲ್ಲಿ ತಾಯಿಗೆ ಅಪಾಯ, ತೆಗೆಯದಿದ್ದರೆ ಇಬ್ಬರಿಗೂ ಅಪಾಯ ಎಂದರು. ಅತ್ತೆ ಒಪ್ಪಲೇ ಇಲ್ಲ. ಮಕ್ಕಳು ಮುಂದೆಯೂ ಆಗುತ್ತವೆ, ಮೊದಲು ನನ್ನ ಮಗಳನ್ನು ಉಳಿಸಿ ಎಂದು ಗೋಡೆಗೊರಗಿ ಕೂತುಬಿಟ್ಟರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಆಗ ನನಗೆ ರೇಣುಕಾಳ ಫೋನ್ ಬಂತು. ಆಕ್ಸಿಜನ್ ಮಾಸ್ಕ್ ಸರಿಸಿಕೊಂಡು, ಮಾತು ಮಾತಿಗೂ ನಿಂತು ಹೇಳಿದಳು:

"ವೈನಿ, ಕೂಸು ಇನ್ನೂ ಒದಿಯಾಕತ್ತೈತಿ. ಅವ್ವಗ ಹೂಂ ಅನ್ನಾಕ ಹೇಳ್ರಿ."

ಅತ್ತೆ ಹೂಂ ಎಂದರು. ಹೆಣ್ಣುಕೂಸು ಹುಟ್ಟಿತು, ಅಂಗೈಯಗಲದ್ದು. ಗಾಜಿನ ಪೆಟ್ಟಿಗೆಯಲ್ಲಿದ್ದು ಉಳಿದುಕೊಂಡಿತು. ರೇಣುಕಾ ಉಳಿಯಲಿಲ್ಲ. ಮಗಳ ಮುಖವನ್ನು ಅವಳು ನರ್ಸಮ್ಮನ ಮೊಬೈಲಿನಲ್ಲಿ ನೋಡಿದ್ದಳಂತೆ. ಅಷ್ಟಾದರೂ ಆಯಿತಲ್ಲ ಎಂದು ಜನ ಹೇಳುತ್ತಾರೆ. ನನಗೆ ಹಾಗೆನ್ನಲು ಇವತ್ತಿಗೂ ಬಾಯಿ ಬರುವುದಿಲ್ಲ.

ಮುಂದೆ ಅವಳ ಗಂಡ ಬೇರೆ ಮದುವೆಯಾದ. ಕೂಸು ಮಕ್ಕಳಿಲ್ಲದ ನನ್ನ ಮಡಿಲಲ್ಲಿ ಬೆಳೆಯಿತು. ಮಾತು ಬಂದಾಗ ನನ್ನನ್ನೇ ಅವ್ವ ಎಂದಿತು. ಅತ್ತೆ ತಕ್ಷಣ, "ಆಕಿ ಅತ್ತಿ. ನಿಮ್ಮವ್ವ ಅಲ್ಲಿ ಅದಾಳ," ಎಂದು ಗೋಡೆಯ ಫೋಟೊ ತೋರಿಸಿದರು. ಪ್ರತಿ ಸಲವೂ ತಿದ್ದಿದರು. ಅವರ ಮಗಳಿಗೆ ಈ ಲೋಕದಲ್ಲಿ ಉಳಿದಿದ್ದು ಆ ಒಂದು ಹೆಸರು. ಅದನ್ನೂ ಯಾಕೆ ಬಿಟ್ಟುಕೊಡಬೇಕು? ನನಗೆ ಅರ್ಥವಾಗುತ್ತಿತ್ತು. ಆದರೂ ನೋಯುತ್ತಿತ್ತು, ಸುಳ್ಳು ಹೇಳಲಾರೆ.

ಇವತ್ತು ಆ ಹುಡುಗಿ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತ ಅಜ್ಜಿಯ ಹತ್ತಿರ ಓಡಿ ಬಂದಳು. ಅತ್ತೆಯವರ ಕೈಯೆಲ್ಲ ಹಿಟ್ಟಾಗಿತ್ತು. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮೊಮ್ಮಗಳನ್ನು ಒಂದು ಗಳಿಗೆ ನೋಡಿದರು.

"ಅಳಬ್ಯಾಡ. ನಿಮ್ಮವ್ವನ ಕಡೆ ಹೋಗು," ಎಂದರು ಮೆಲ್ಲಗೆ, ನನ್ನ ಕಡೆ ಗೋಣು ತಿರುಗಿಸಿ ತೋರಿಸುತ್ತ.

ಕೂಸು ಬಂದು ನನ್ನ ಸೆರಗು ಹಿಡಿಯಿತು. ಇಷ್ಟು ವರ್ಷ ಆಸೆಪಟ್ಟ ಮಾತು ಕೊನೆಗೂ ಸಿಕ್ಕಿತ್ತು. ರೇಣುಕಾ ಸತ್ತದ್ದು ಅವತ್ತಲ್ಲ, ಇವತ್ತು ಎನಿಸಿ, ಕೂಸಿಗಿಂತ ಜೋರಾಗಿ ಅತ್ತುಬಿಟ್ಟೆ.