ಸೈರನ್ ಕೂಗುವವರೆಗೆ

ಹುಲಗೂರಿನಾಚೆಯ ಗುಡ್ಡದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಸವಿತಾ ಸಣ್ಣ ಪೆಟ್ಟಿಗೆಯೊಂದರ ತಿರುಪನ್ನು ಬೆರಳ ತುದಿಯಲ್ಲಿ ಹಿಡಿದು ಪರದೆಯ ಹಸಿರು ಗೆರೆಯನ್ನೇ ನೋಡುತ್ತಿದ್ದಾರೆ. ಗೆರೆ ನೆಟ್ಟಗೆ ಎದ್ದು ನಿಂತ ಮೇಲೆಯೇ ಅವರು ಪೇಪರಿನ ವರದಿಗೆಂದು ಬಂದ ನನಗೆ "ಕುಂದರ್ರಿ" ಎನ್ನುವುದು.

ಹೊರಗಿನ ಆಂಟೆನಾ ದೂರದ ಸಿಡಿಲಿನ ರೇಡಿಯೊ ಗರಗರವನ್ನು ಹಿಡಿಯುತ್ತದೆ. ತಾಮ್ರದ ತಂತಿ ಎಳೆದರೆ ಸಿಡಿಲೇ ಅದರ ಬೆನ್ನು ಹತ್ತಿ ಗುಡ್ಡದ ಕೆಳಗಿನ ಸಿಡಿಲು ಮುನ್ನೆಚ್ಚರಿಕೆ ಕಚೇರಿಗೆ ಇಳಿದೀತು. ಅದಕ್ಕೇ ಕೂದಲೆಳೆಯಂಥ ಗಾಜಿನ ಎಳೆ, ಅದರೊಳಗೆ ಲೇಸರ್ ಬೆಳಕು. ಗರಗರಕ್ಕೆ ತಕ್ಕಂತೆ ಆ ಬೆಳಕನ್ನು ಏರಿಳಿಸುವುದು ಮಾಡ್ಯುಲೇಟರ್ ಎಂಬ ಈ ಪೆಟ್ಟಿಗೆ. ಆ ಏರಿಳಿತ ಕೆಳಗೆ ತಲುಪಿದರೆ ಹೊಲಗಳಲ್ಲಿ ಸೈರನ್ ಕೂಗುತ್ತದೆ.

"ತಗಡು ಕಾದಂಗ ಇದರ ಹದ ತಪ್ಪತೈತ್ರಿ, ಗೆರಿ ಬೀಳತೈತಿ. ಆಗ ಬೆಳಕು ಸುಮ್ನ ಉರೀತೈತಿ, ಸಿಡಿಲಿನ ಸುದ್ದಿ ಒಯ್ಯೂದಿಲ್ಲ," ಎನ್ನುತ್ತಾರೆ ಶಿಗ್ಗಾಂವಿಯಲ್ಲಿ ಐಟಿಐ ಕಲಿತ ಸವಿತಾ. ತಾನೇ ಹದ ನೋಡಿಕೊಳ್ಳುತ್ತಿದ್ದ ಯಂತ್ರ ಕೆಟ್ಟು ಕೂತ ಮೇಲೆ ಆ ಕೆಲಸ ಇವರ ಬೆರಳಿಗೆ ಬಂದಿದೆ. ಮೋಡ ಕವಿದರೆ ಕುರಿ ಕಾಯುವವರೂ ಗುಡ್ಡ ಇಳಿಯುತ್ತಾರೆ, ಇವರು ಇಳಿಯುವಂತಿಲ್ಲ. ಹೆದರಿಕೆ ಆಗುವುದಿಲ್ಲವೇ? "ಆಗ್ತೈತ್ರಿ. ಕೈ ನಡಗ್ತಾವು. ನಡಗೋ ಕೈಗೆ ಹದ ಸಿಗೂದಿಲ್ಲ, ಅದಕ್ಕ ಮತ್ತಿಷ್ಟು ಅಂಜಿಕಿ."

ಅವರ ದೊಡ್ಡ ಭಯ ಬೇರೆಯೇ ಇದೆ. ತಾಯಿ ಸಾವಂತ್ರವ್ವ ಗುಡ್ಡದ ಕೆಳಗಿನ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುತ್ತಾರೆ. ಮೊದಲೆಲ್ಲ ಮೋಡ ಕಂಡರೆ ಸಾಕು, ಹೆಂಗಸರು ಬುತ್ತಿಗಂಟು ಎತ್ತಿಕೊಂಡು ಊರ ದಾರಿ ಹಿಡಿಯುತ್ತಿದ್ದರು. ಈಗ ಸೈರನ್ ಕೂಗುವವರೆಗೆ ಏಳುವುದಿಲ್ಲ. ಹೋದ ವರ್ಷ ಒಮ್ಮೆ ಹದ ತಪ್ಪಿ ಸೈರನ್ ತಡವಾಯಿತು. ಹುಣಸೆ ಮರದಡಿ ಕಟ್ಟಿದ್ದ ಆಡುಗಳು ಸಿಡಿಲಿಗೆ ಸತ್ತವು. "ಅವ್ವ ಆ ಗಿಡದ ಕಡೇನ ಹೊಂಟಿದ್ಲರಿ," ಎಂದಷ್ಟೇ ಹೇಳಿ ಸವಿತಾ ಪರದೆಗೆ ತಿರುಗುತ್ತಾರೆ.

ಮಧ್ಯಾಹ್ನ ತಡಸದ ಕಡೆ ಆಕಾಶ ಕಪ್ಪಾಗುತ್ತದೆ. ಅದೇ ಹೊತ್ತಿಗೆ ಗೆರೆ ಕುಸಿಯುತ್ತದೆ. ಸವಿತಾ ಒಂದು ಕೈಯಲ್ಲಿ ತಿರುಪು ತಿರುವುತ್ತ ಇನ್ನೊಂದರಲ್ಲಿ ಫೋನ್ ಹಿಡಿದು ಕೂಗುತ್ತಾರೆ: "ಯವ್ವಾ, ಏಳು! ಮನೀಗೆ ನಡಿ!"

ತಾಯಿಯ ದನಿ ನನಗೂ ಕೇಳಿಸುತ್ತದೆ: "ನಿನ್ನ ಸೈರನ್ ಇನ್ನೂ ಒದರಿಲ್ಲಲ್ಲ? ಇದೊಂದು ಸಾಲು ಮುಗಿಸಿ ಬರ್ತೇನಿ."

ಗೆರೆ ಏಳುತ್ತದೆ, ಮತ್ತೆ ಬೀಳುತ್ತದೆ, ಕೊನೆಗೂ ನಿಲ್ಲುತ್ತದೆ. ಕೆಳಗೆ ಸೈರನ್ ಕೂಗುತ್ತದೆ. ಹೊಲದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಊರತ್ತ ಓಡುತ್ತಾರೆ. ಸವಿತಾ ತಿರುಪಿನಿಂದ ಬೆರಳು ತೆಗೆದಿಲ್ಲ.

ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ.

"ನನ್ನ ಹೊಗಳಬ್ಯಾಡ್ರಿ. ಸವಿತಾನ್ನ ನಂಬಬ್ಯಾಡ್ರಿ, ಮೋಡ ಕಂಡ ಕೂಡ್ಲೆ ಏಳ್ರಿ ಅಂತ ಬರೀರಿ. ಅವ್ವಗ ಓದಾಕ ಬರೂದಿಲ್ಲ. ಯಾರರ ಓದಿ ಹೇಳ್ಲಿ."