ಆರೈಕೆ ಯಾರದು ಎಂದು ಕೇಳಿದವರು

ಸಾಮಾಜಿಕ ಭದ್ರತೆಯ ನೆರವಿಗೆ ಯಾರು ಅರ್ಹರು, ಯಾರು ಅನರ್ಹರು ಎಂದು ತೀರ್ಮಾನಿಸುವ ನಮ್ಮ ವಿಭಾಗದಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಪರಿಶೀಲನಾಧಿಕಾರಿಗಳಾದ ನಮ್ಮ ಮೇಡಂ ಅವರಿಗೆ ಈ ಅಭಿನಂದನ ಗ್ರಂಥ ಅರ್ಪಿತವಾಗುತ್ತಿರುವುದು ಉಚಿತವೇ ಆಗಿದೆ. ನಿಯಮಾವಳಿಯ ಯಾವ ಉಪನಿಯಮ ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲವರು ಇಲಾಖೆಯಲ್ಲಿ ಇನ್ನೂ ಕೆಲವರಿದ್ದಾರು. ಆದರೆ ಅದನ್ನು ಹೇಳಿಯಾದ ಮೇಲೂ ನೆಮ್ಮದಿಯಾಗಿ ಕೂರಲಾರದವರು ಇವರೊಬ್ಬರೇ.

ಕೂರುವುದೆಂದರೇ ಅವರಿಗೆ ಆಗದು. ಕಡತ ಕೈಯಲ್ಲಿ ಹಿಡಿದು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಓದುತ್ತಿದ್ದರು. ಅವರಿಗೆ ಕೇಳಿಸದ ಹಾಗೆ ನಾವು ‘ಸುಂಟರಗಾಳಿ’ ಎನ್ನುತ್ತಿದ್ದೆವು. ಬಟವಾಡೆ ಗುಮಾಸ್ತೆಯಾಗಿ ಸೇರಿದವರು, ಅರ್ಜಿಯ ಸಣ್ಣ ಅಕ್ಷರ ಕಾಣದೆ ವೃದ್ಧರು ಪರದಾಡುವುದನ್ನು ನೋಡಿ ಎರಡು ಓದುವ ಕನ್ನಡಕ ಕೊಂಡು ದಾರ ಕಟ್ಟಿ ಕೌಂಟರಿನಲ್ಲಿ ತೂಗುಹಾಕಿದ್ದರಂತೆ. ನಾನು ಇಲಾಖಾ ಪರೀಕ್ಷೆಗೆ ಓದುತ್ತಿದ್ದಾಗ ಮೂರು ವಾರ ನನ್ನ ಕೌಂಟರನ್ನು ತಾವೇ ನೋಡಿಕೊಂಡರು. ಋಣ ಎಂಬ ಮಾತೆತ್ತಿದ್ದಕ್ಕೆ, “ಪಾಸಾಗಿ ಮೊದಲು” ಎಂದಿದ್ದರು.

ಆದರೆ ನಾನು ಇಲ್ಲಿ ಹೇಳಲೇಬೇಕಾದ ಸಂಗತಿ ಬೇರೆ. ಅದು ನನ್ನ ತಪ್ಪಿನ ಕಥೆ.

ಹಾಸಿಗೆ ಹಿಡಿದವರನ್ನು ದುಡಿಮೆ ಬಿಟ್ಟು ನೋಡಿಕೊಳ್ಳುವ ಬಂಧುವಿಗೆ ಆರೈಕೆ ಭತ್ಯೆ ಸಲ್ಲುತ್ತದೆ. ರೋಗಿ ಮೂವತ್ತು ದಿನಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ ಅದು ನಿಲ್ಲಬೇಕೆಂಬುದು ನಾವೆಲ್ಲ ಕಲಿತ ಪಾಠ. ಹತ್ತು ವರ್ಷದ ಹಿಂದೆ, ಪಾರ್ಶ್ವವಾಯುವಾದ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದ ದರ್ಜಿ ಹೆಂಗಸೊಬ್ಬರ ಭತ್ಯೆಯನ್ನು ನಾನು ಮೂವತ್ತೊಂದನೆಯ ದಿನದಿಂದ ನಿಲ್ಲಿಸಿದೆ. ಆಕೆ ಆದೇಶ ಹಿಡಿದು ಬಂದರು.

“ಇನ್ಮೇಲೆ ಆಸ್ಪತ್ರೆಯವ್ರೇ ನೋಡ್ಕೋತಾರೆ ಅಂತ ಬರ್ದಿದೀರಲ್ಲ ಸಾರ್, ಅದ್ಯಾವ ಆಸ್ಪತ್ರೆ ಹೇಳಿ. ಅಮ್ಮನ್ನ ಅಲ್ಲಿಗೇ ಸೇರಿಸ್ತೀನಿ.”

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಡೆಯುತ್ತಿದ್ದ ಮೇಡಂ ನಿಂತುಬಿಟ್ಟರು.

ಮರುದಿನ ಮಧ್ಯಾಹ್ನ ನನ್ನನ್ನು ಆ ವಾರ್ಡಿಗೆ ಕರೆದೊಯ್ದರು. ನಲವತ್ತು ಹಾಸಿಗೆಗೆ ಇಬ್ಬರು ದಾದಿಯರು. ದರ್ಜಿ ಹೆಂಗಸು ತಮ್ಮ ತಾಯಿಯ ಮೂಗಿನ ನಳಿಕೆಗೆ ಗಂಜಿ ಬಿಡುತ್ತಿದ್ದರು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಗುರುತಿಟ್ಟ ಚೀಟಿ ಗೋಡೆಯ ಮೇಲಿತ್ತು: ಎಡ, ಬಲ, ಎಡ, ಬಲ. ಅಕ್ಷರ ಮಗಳದೇ.

“ಇವ್ರಿಲ್ದಿದ್ರೆ ನಮ್ ಕೈಲಿ ಆಗ್ತಿರ್ಲಿಲ್ಲ. ಬರ್ಕೊಡ್ಲಾ?” ಎಂದ ದಾದಿಯೊಬ್ಬರು ಅಲ್ಲೇ ನಿಂತು ಬರೆದುಕೊಟ್ಟರು.

ಕಚೇರಿಗೆ ಹಿಂತಿರುಗುವಾಗ ಮೇಡಂ ಬಿರುಸಾಗಿ ನಡೆದರು. ಅವರ ನಡಿಗೆಗೆ ನಾನು ಓಡಬೇಕಾಯಿತು. ನಿಯಮದ ಪುಟ ತೆರೆದು ನನ್ನ ಮುಂದಿಟ್ಟರು. ‘ಆಸ್ಪತ್ರೆಯು ಆರೈಕೆಯನ್ನು ಪೂರ್ಣವಾಗಿ ವಹಿಸಿಕೊಂಡು, ಆ ಅವಧಿಯು ಮೂವತ್ತು ದಿನ ಮೀರಿದಲ್ಲಿ’ ಎಂದಿತ್ತು. ನಾವು ದಿನ ಎಣಿಸುತ್ತಿದ್ದೆವು. ಆರೈಕೆ ಯಾರದೆಂದು ಯಾರೂ ಕೇಳಿರಲಿಲ್ಲ.

ನಿರ್ದೇಶಕರ ಕೋಣೆಗೆ ಮೇಡಂ ಕಡತ ಹಿಡಿದು ಹೋದಾಗ ನಾನು ಅವರ ಹಿಂದೆ ನಿಂತಿದ್ದೆ.

“ಇಷ್ಟು ವರ್ಷ ಹೀಗೇ ಮಾಡ್ಕೊಂಡ್ ಬಂದಿದೀವಲ್ಲ ಮೇಡಂ?”

“ಇಷ್ಟು ವರ್ಷ ತಪ್ಪು ಮಾಡ್ಕೊಂಡ್ ಬಂದಿದೀವಿ, ಸಾರ್.”

ಆ ವರ್ಷ ಅವರ ಬಡ್ತಿ ನಿಂತಿತು. ಎರಡೇ ವಾರದಲ್ಲಿ ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗವೂ ಆಯಿತು. ಶಿಕ್ಷೆಯೆಂದು ಕಳಿಸಿದವರಿಗೆ, ಹಳೆಯ ಕಡತಗಳೆಲ್ಲ ಇರುವುದು ಅಲ್ಲಿಯೇ ಎಂಬುದು ಹೊಳೆಯಲಿಲ್ಲ. ಹದಿನಾಲ್ಕು ತಿಂಗಳು ಧೂಳು ಕುಡಿದು, ಕೆಮ್ಮುತ್ತ, ಅದೇ ರೀತಿ ಭತ್ಯೆ ನಿಂತಿದ್ದ ಇನ್ನೂರ ಹನ್ನೆರಡು ಪ್ರಕರಣಗಳನ್ನು ಅವರು ಹೊರತೆಗೆದರು. ಅಷ್ಟು ಕಡತ ಒಟ್ಟಿಗೆ ಮೇಲೆ ಬಂದಾಗ ಯಾರಿಗೂ ಅಲ್ಲಗಳೆಯಲಾಗಲಿಲ್ಲ. ಸುತ್ತೋಲೆ ಹೊರಟಿತು, ಬಾಕಿ ಪಾವತಿಯಾಯಿತು.

ಅಷ್ಟರಲ್ಲಿ ದರ್ಜಿಯ ತಾಯಿ ತೀರಿಕೊಂಡಿದ್ದರು. ಆದೇಶವನ್ನು ಅಂಚೆಗೆ ಹಾಕದೆ ನಾವಿಬ್ಬರೇ ಒಯ್ದೆವು. ಆಕೆ ಹೊಲಿಗೆ ಯಂತ್ರ ನಿಲ್ಲಿಸಿ, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ದುಡ್ಡು ಬರತ್ತೆ, ಸರಿ. ಅಮ್ಮನ್ನ ನಾನೇ ನೋಡ್ಕೊಂಡೆ ಅಂತ ಇದ್ರಲ್ಲಿ ಎಲ್ಲಿದೆ?”

ಮೇಡಂ ಬೆರಳಿಟ್ಟು ಓದಿದರು: “ಸದರಿ ಅವಧಿಯಲ್ಲಿ ಆರೈಕೆಯನ್ನು ಮಗಳೇ ನಿರ್ವಹಿಸಿರುವುದು ದೃಢಪಟ್ಟಿದೆ.” ಆಮೇಲೆ, “ತಡವಾಯ್ತಮ್ಮ. ತಪ್ಪು ನಮ್ದು” ಎಂದರು. ನಾನು ಹೇಳಬೇಕಾಗಿದ್ದ ಮಾತದು. ನನ್ನ ಬಾಯಿಂದ ಬರಲಿಲ್ಲ. ಆ ಸಂಕಟ ಇಂದಿಗೂ ಆರಿಲ್ಲ.

ಮುಂದೆ ಬಡ್ತಿ ಬಂತು, ಪ್ರಶಂಸಾಪತ್ರವೂ ಬಂತು. ಅವರ ಓಡಾಟ ಮಾತ್ರ ನಿಲ್ಲಲಿಲ್ಲ. ಇನ್ನೂರ ಹನ್ನೆರಡರಲ್ಲಿ ಹತ್ತೊಂಬತ್ತು ಮಂದಿ ಮನೆ ಬದಲಿಸಿಹೋಗಿದ್ದು ಇಂದಿಗೂ ಸಿಕ್ಕಿಲ್ಲ. ಅವರಲ್ಲಿ ಏಳು ಮಂದಿಯ ಆದೇಶಗಳ ಕೆಳಗಿರುವುದು ನನ್ನ ಸಹಿ. ಕಳೆದ ವಾರ ಮೇಜು ಖಾಲಿ ಮಾಡುತ್ತ ಆ ಪಟ್ಟಿಯನ್ನು ನನ್ನ ಕೈಗಿತ್ತು ಕೇಳಿದರು: “ನೀವ್ ಹುಡುಕ್ತೀರಾ, ಇಲ್ಲಾ ನಾನೇ ಹುಡುಕ್ಲಾ?”

ನಿವೃತ್ತರಿಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ಹಾಗೆ ಹಾರೈಸಿದರೆ ಅವರು ನನ್ನನ್ನು ಕ್ಷಮಿಸಲಾರರು. ಆದ್ದರಿಂದ ಅವರ ಕಾಲಿಗೆ ಬಲವೂ ಕಣ್ಣಿಗೆ ಬೆಳಕೂ ಆಯುಸ್ಸಿಗೆ ನೂರು ತುಂಬುವ ಭಾಗ್ಯವೂ ದೊರೆಯಲಿ, ಕೆಲಸ ಅವರನ್ನು ಬಿಡದಿರಲಿ ಎಂದಷ್ಟೇ ಕೋರುತ್ತೇನೆ. ಬೀಳ್ಕೊಡುಗೆ ಸಮಾರಂಭ ಶನಿವಾರ. ಭಾನುವಾರ ಬೆಳಿಗ್ಗೆ ಪಟ್ಟಿಯ ಮೊದಲ ಹಳೆಯ ವಿಳಾಸದಿಂದ ಹುಡುಕಲು ನಾವಿಬ್ಬರೂ ಹೊರಡುತ್ತಿದ್ದೇವೆ. ಈ ಸಲ ಬಾಗಿಲು ತಟ್ಟಿ ಮೊದಲು ಮಾತಾಡುವವನು ನಾನು.