ಬ್ಯಾಗಿಟ್ಟ ಸೀಟು

ಹಂಪಸಾಗರದಲ್ಲಿ ಬೆಳಗಿನ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಒಂದು ಬ್ಯಾಗು ಹಾರಿ ಬಿತ್ತೆಂದರೆ, ಹತ್ತನೇ ಕ್ಲಾಸಿನ ಅಸ್ಫಿಯಾ ಬಂದಳೆಂದೇ ಲೆಕ್ಕ. ಮೂವರ ಸೀಟಿನ ಒಂದು ತುದಿಗೆ ಬ್ಯಾಗು, ಇನ್ನೊಂದು ತುದಿಗೆ ಊಟದ ಡಬ್ಬಿ ಇಟ್ಟು ನಡುವೆ ತಾನು ಕೂತಳೆಂದರೆ ಕಂಡಕ್ಟರೂ ಆ ಕಡೆ ತಲೆ ಹಾಕುವುದಿಲ್ಲ. ಯಾರಾದರೂ ಡಬ್ಬಿ ಸರಿಸಲು ಹೋದರೆ "ಮಂದಿ ಬರ್ತಾರ್ರಿ!" ಎಂದು ಕಣ್ಣು ಬಿಡುತ್ತಾಳೆ. ಮುಂದಿನ ಊರಲ್ಲಿ ಅವಳದೇ ಕ್ಲಾಸಿನ ಕೀರ್ತನಾ ಮತ್ತು ಅವಳ ಇಬ್ಬರು ಗೆಳತಿಯರು ಹತ್ತುತ್ತಾರೆ. ಅವರು ಮೂವರು, ಸೀಟೂ ಮೂರೇ. ಅಸ್ಫಿಯಾ ಎದ್ದು ನಿಲ್ಲುತ್ತಾಳೆ. "ನೀ ಇದ್ರ ನಮಗ ಆರಾಮ್ ನೋಡ್ಲೇ" ಎನ್ನುತ್ತ ಕೀರ್ತನಾ ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಬ್ಯಾಗಿಗಾದರೂ ಅವರ ನಡುವೆ ಜಾಗ ಸಿಕ್ಕಿತಲ್ಲ ಎಂದು ಇವಳಿಗೆ ಸಮಾಧಾನ. ಕಂಬಿ ಹಿಡಿದು ನಿಂತೇ ಅವರ ಮಾತಿಗೆಲ್ಲ ನಗುತ್ತಾಳೆ, ಅರ್ಧ ಕೇಳಿಸಿರುವುದಿಲ್ಲ. ಮನೆಯಲ್ಲೂ ಅಷ್ಟೇ, ದೊಡ್ಡವಳೆಂದು ಫ್ಯಾನಿನ ಕೆಳಗಿನ ಜಾಗ ತಮ್ಮಂದಿರಿಗೆ ಬಿಟ್ಟು ಬಾಗಿಲ ಬಳಿ ಮಲಗುವವಳು. ಸಂಜೆ ಆ ಮೂವರೂ ಟ್ಯೂಷನ್ನಿಗೆ ಹೋಗುತ್ತಾರೆ. ಇವಳನ್ನು ಕರೆಯುವುದಿಲ್ಲ, ಇವಳು ಕೇಳುವುದೂ ಇಲ್ಲ. ಅರ್ಧ ಖಾಲಿ ಬಸ್ಸಿನಲ್ಲಿ ಸೋತ ಕಾಲು ಚಾಚಿ, ಪಕ್ಕದಲ್ಲಿ ಬ್ಯಾಗಿಟ್ಟು ಕೂರುತ್ತಾಳೆ. ನಿನ್ನೆ ಮುದುಕಿಯೊಬ್ಬಳು ಹತ್ತಿರ ಬಂದು, "ಇಲ್ಲಿ ಯಾರರ ಬರ್ತಾರೇನವಾ?" ಎಂದಳು. "ಬರ್ತಾರಜ್ಜಿ" ಎಂದುಬಿಟ್ಟಳು ಅಸ್ಫಿಯಾ. ಮುದುಕಿ ಹಿಂದಿನ ಸೀಟಿಗೆ ಹೋದಳು. ಬಸ್ಸು ಹೊರಟಿತು. ಹಂಪಸಾಗರ ಬರುವವರೆಗೂ ಅಸ್ಫಿಯಾ ಆ ಬ್ಯಾಗನ್ನು ತೆಗೆಯಲಿಲ್ಲ.